ಬಿತ್ತು, ಬೀಳಿಸಲಿಲ್ಲ

ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಒಂದು ಪೂರ್ತಿ ಟೇಬಲ್ ಸಿಗುತ್ತದೆ ಎಂದು ಯಾರೂ ಆಸೆ ಇಟ್ಟುಕೊಳ್ಳುವುದಿಲ್ಲ. ಗುರುತಿಲ್ಲದವರ ಪಕ್ಕ ಒತ್ತಿಕೊಂಡು ಕೂರಬೇಕು. ಮೊನ್ನೆ ಹಾಗೇ ಕೂತಿದ್ದೆ. ದೋಸೆ ಬಂತು. ಸಂಭ್ರಮದಲ್ಲಿ ಚಟ್ನಿಗೆ ಕೈ ಚಾಚಿದೆ. ಮೊಣಕೈ ತಗುಲಿ ನೀರಿನ ಲೋಟ ಉರುಳಿತು, ಪಕ್ಕದಲ್ಲಿದ್ದ ಯಜಮಾನರ ಇಸ್ತ್ರಿ ಪಂಚೆ ಮಂಡಿಯಿಂದ ಕೆಳಗೆ ತೊಯ್ದುಹೋಯಿತು.

"ಅಯ್ಯೋ, ಲೋಟ ಬಿತ್ತು ಯಜಮಾನ್ರೇ" ಅಂದೆ.

ಅವರು ಪಂಚೆ ಕೊಡವುತ್ತಾ, "ಅದಾಗೇ ಬೀಳಾಕೆ ಅದಕ್ಕೇನು ಕಾಲೈತೇನಪ್ಪಾ?" ಅಂದರು. ಸಿಟ್ಟೇನೂ ಇರಲಿಲ್ಲ. ಬೆಣ್ಣೆ ಕರಗುವುದರೊಳಗೆ ದೋಸೆ ಮುಗಿಸುವ ಅವಸರ ಅವರಿಗೂ ಇತ್ತು. ಆದರೆ ಮಾತು ನನ್ನ ಜೊತೆ ಮನೆಯವರೆಗೂ ಬಂತು.

ನಿಜ. ಬೀಳಿಸಿದ್ದು ನಾನು. ಬಾಯಿಗೆ ಬಂದದ್ದು ಮಾತ್ರ 'ಬಿತ್ತು'. ನಡುವೆ ಇರುವುದು ಒಂದು 'ಇಸು'. ಶಾಲೆಯಲ್ಲಿ ಪ್ರೇರಣಾರ್ಥಕ ಪ್ರತ್ಯಯ ಎಂದು ಬಾಯಿಪಾಠ ಮಾಡಿಸಿದ್ದರು. ಅದು ಬಿಡುಗಡೆಗೂ ಶಿಕ್ಷೆಗೂ ನಡುವಿನ ಗೋಡೆ ಎಂದು ಹೇಳಿರಲಿಲ್ಲ. ಅದನ್ನು ನಮ್ಮಜ್ಜಿಯ ಅಡುಗೆಮನೆಯಲ್ಲೇ ಕಲಿತದ್ದು. ಉಪ್ಪಿನಕಾಯಿ ಜಾಡಿ ಚೂರಾದ ದಿನ ನಾವು ಮೂವರು ಮೊಮ್ಮಕ್ಕಳು ಸಾಲಾಗಿ ನಿಂತು ಒಂದೇ ಹೇಳಿಕೆ ಕೊಟ್ಟೆವು: "ಒಡೆದೋತಜ್ಜಿ." ಯಾರು, ಹೇಗೆ, ಯಾಕೆ ಒಂದೂ ಇಲ್ಲ. ಅಜ್ಜಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಬೇಕಂತ ಮಾಡಿದ್ರೇನು?"

ಈ 'ಬೇಕಂತ' ಎಷ್ಟು ಸಲೀಸಾದ ಮಾತು ನೋಡಿ. ಅದಕ್ಕೆ ಎದುರು ಮಾತು ಮಾತ್ರ ಸಲೀಸಾಗಿ ಸಿಗುವುದಿಲ್ಲ. 'ಬೇಡಂತ ಮಾಡಿದೆ' ಅಂದರೆ ಕೇಳಿದವರು ನಗುತ್ತಾರೆ. 'ಬೇಕಂತ ಮಾಡ್ಲಿಲ್ಲ' ಎಂದು ಆರೋಪವನ್ನೇ ಮೊದಲು ಉಚ್ಚರಿಸಿ ಆಮೇಲೆ ಅಲ್ಲಗಳೆಯಬೇಕು. ಪತ್ರಿಕೆಯವರಿಗೆ 'ಉದ್ದೇಶಪೂರ್ವಕವಲ್ಲದ' ಎಂಬ ಮಾತಿದೆ, ಇರಲಿ; ಲೋಟ ಬಿದ್ದಾಗ ಅದನ್ನು ಹೇಳಿ ಮುಗಿಸುವುದರೊಳಗೆ ಪಂಚೆಯೇ ಒಣಗಿರುತ್ತದೆ.

ಹಾಗಂತ ನಮ್ಮಲ್ಲಿ ಮಾತಿಗೆ ಬರವಿಲ್ಲ. ಕೈತಪ್ಪಿ ಆಯಿತು, ಬಾಯಿತಪ್ಪಿ ಬಂತು, ಕಣ್ತಪ್ಪಿನಿಂದ ಬಿಟ್ಟುಹೋಯಿತು, ನಾಲಿಗೆ ಜಾರಿತು, ಕಾಲು ಜಾರಿತು. ಒಂದೊಂದು ಅಂಗವನ್ನೂ ಕಟಕಟೆಗೆ ಕಳಿಸಿ ನಾವು ಹಿಂದೆ ಸರಿದು ನಿಲ್ಲುತ್ತೇವೆ. ತಲೆಯನ್ನು ಮಾತ್ರ ಕಳಿಸುವುದಿಲ್ಲ. 'ತಲೆತಪ್ಪಿ ಆಯಿತು' ಎಂದು ಯಾರೂ ಅಂದದ್ದು ನಾನು ಕೇಳಿಲ್ಲ. ತಲೆಗೆ ಇರುವುದು 'ತಲೆತಪ್ಪಿಸಿಕೊಳ್ಳುವುದು'. ಅದು ಸಾಲ ಮಾಡಿದವರ ಕೆಲಸ, ಬೇಕಂತಲೇ ಮಾಡುವಂಥದ್ದು.

ಕಣ್ತಪ್ಪಿನ ವಿಷಯದಲ್ಲಂತೂ ನಾವು ಮಹಾ ಮುಂದಾಲೋಚನೆಯವರು. ಮದುವೆ ಹತ್ತಿರ ಬಂದಾಗ ವಾಟ್ಸಾಪಿಗೆ ಪತ್ರಿಕೆಯ ಫೋಟೋ ಬರುತ್ತದಲ್ಲ, ಅದರ ಕೆಳಗಿನ ಒಕ್ಕಣೆ ಗಮನಿಸಿ: ಕಣ್ತಪ್ಪಿನಿಂದ ಆಮಂತ್ರಣ ತಲುಪದಿದ್ದಲ್ಲಿ ಇದನ್ನೇ ವೈಯಕ್ತಿಕ ಆಹ್ವಾನವೆಂದು ಭಾವಿಸುವುದು. ತಪ್ಪು ಇನ್ನೂ ಆಗಿಲ್ಲ, ಆಗಲೇ ಕಾರಣ ತಯಾರು. ನಮ್ಮ ಮನೆಯ ಮದುವೆಯಲ್ಲಿ ಪತ್ರಿಕೆ ಹಂಚುವ ಪಟ್ಟಿ ಮುಂದಿಟ್ಟುಕೊಂಡು ಯಾರನ್ನು ಕಣ್ತಪ್ಪಿನಲ್ಲಿ ಬಿಡಬೇಕೆಂದು ಎರಡು ರಾತ್ರಿ ಚರ್ಚೆ ಮಾಡಿದ್ದೇವೆ. ಕೊನೆಗೆ ನಿಜವಾಗಿಯೂ ಬಿಟ್ಟುಹೋದದ್ದು ಅಮ್ಮನ ಸೋದರಮಾವನ ಹೆಸರು. ಅವರ ಮನೆಗೆ ಹೋಗಿ "ಕಣ್ತಪ್ಪಿ ಆತು ಮಾವಾ" ಅಂದರೆ ಅವರು ನಂಬಲೇ ಇಲ್ಲ. ಆ ಮಾತನ್ನು ಸುಳ್ಳಿಗೆ ಬಳಸಿ ಬಳಸಿ ಸವೆಸಿಟ್ಟಿದ್ದೆವು, ನಿಜಕ್ಕೆ ಬೇಕಾದಾಗ ಅದು ಕೆಲಸಕ್ಕೆ ಬರಲಿಲ್ಲ.

ಹಾಲಿನದು ಇನ್ನೂ ಸೂಕ್ಷ್ಮ. ಒಲೆ ಮೇಲೆ ಹಾಲಿಟ್ಟು ಕಣ್ಣು ಮಿಟುಕಿಸದೆ ನಿಂತಿರುತ್ತೀರಿ. ಕೆನೆ ಮೆಲ್ಲಗೆ ಉಬ್ಬಿ, ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣಿಸಿಕೊಳ್ಳುತ್ತದೆ. ಇನ್ನೂ ಹೊತ್ತಿದೆ ಎಂದು ಬಾಗಿಲ ಕಡೆ ಒಮ್ಮೆ ತಿರುಗುತ್ತೀರಿ, ಅಷ್ಟೇ. ಚುರ್ ಎಂಬ ಸದ್ದು, ಸ್ಟವ್ ತುಂಬ ಬಿಳಿ ನೊರೆ, ಸೀದ ವಾಸನೆ. ಮೇಲೆ ಕಟ್ಟಿದ ಕೆನೆ ಆವಿಯನ್ನು ಒಳಗೇ ಹಿಡಿದಿಟ್ಟುಕೊಂಡು ಕೊನೆಗೆ ಒಮ್ಮೆಲೇ ಮೇಲಕ್ಕೆ ಎತ್ತಿಬಿಡುವುದೇ ಇದರ ಗುಟ್ಟು. "ಹಾಲು ಉಕ್ಕಿಹೋಯ್ತು" ಅನ್ನುತ್ತೇವೆ. 'ಉಕ್ಕಿಸಿದೆ' ಎಂದರೆ ಮನೆಯಲ್ಲಿ ಜಗಳ. ಆದರೆ ಗೃಹಪ್ರವೇಶದ ದಿನ ಅದೇ ಹಾಲನ್ನು ನೆಂಟರಿಷ್ಟರ ಮುಂದೆ, ಮುಹೂರ್ತ ನೋಡಿ, ಬೇಕಂತಲೇ ಉಕ್ಕಿಸುತ್ತೇವೆ. ನಮ್ಮ ಗೃಹಪ್ರವೇಶದಲ್ಲಿ ಮೂವರು ಹೆಂಗಸರು ಕಾವಲು ನಿಂತು ದಿಟ್ಟಿಸುತ್ತಿದ್ದರು, ಹಾಲು ಅರ್ಧ ಗಂಟೆಯಾದರೂ ಉಕ್ಕಲಿಲ್ಲ. ಉಕ್ಕಿಸಲು ಹೊರಟರೆ ಅದಕ್ಕೂ ಬಿಗುಮಾನ.

ಸಂಸ್ಕೃತದವರು ಇದಕ್ಕೆಲ್ಲ ನ್ಯಾಯ ಕಟ್ಟಿಟ್ಟಿದ್ದಾರೆ. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸರಿಹೋದರೆ ಕಾಕತಾಳೀಯ. ಮರ ಕೊರೆಯುವ ಹುಳು ತನ್ನ ಪಾಡಿಗೆ ತಿನ್ನುತ್ತಾ ಹೋದ ದಾರಿ ಅಕ್ಷರದಂತೆ ಕಂಡರೆ ಘುಣಾಕ್ಷರ. ಎರಡನೆಯದು ನನಗೆ ಬಲು ಇಷ್ಟ, ಹುಳುವಿಗೆ ತಾನು ಬರೆದದ್ದು ಓದಲು ಬರುವುದಿಲ್ಲವಲ್ಲ! ಕಾನೂನಿಗೆ ಈ ಸೊಗಸು ಹಿಡಿಸದು. ರಸ್ತೆ ಅಪಘಾತವಾದರೆ ಪೊಲೀಸರ ದೂರಿನಲ್ಲಿ 'ಅತಿವೇಗ ಮತ್ತು ಅಜಾಗರೂಕತೆಯಿಂದ' ಎಂದೇ ಬರೆಯುತ್ತಾರೆ. ಭಾರತೀಯ ದಂಡ ಸಂಹಿತೆಯ ಆ ಹಳೆಯ 279ನೇ ಕಲಂ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 281 ಆಗಿದೆ. ಬೇಕಂತ ಮಾಡಿದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ, ಎಚ್ಚರ ಎಲ್ಲಿತ್ತು ಎಂದು ಕೇಳುತ್ತದೆ. ಅಜ್ಜಿ ಆ ಮಟ್ಟಕ್ಕೆ ಹೋಗುತ್ತಿರಲಿಲ್ಲ.

ಹೋದ ತಿಂಗಳು ಚಿತ್ರದುರ್ಗದ ಕೋಟೆಗೆ ಹೋಗಿದ್ದೆವು. ನಾನು ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. 1997ರ ಆಗಸ್ಟ್ 15ರಂದು ಕೂತಲ್ಲೇ ದಾವಣಗೆರೆ ಜಿಲ್ಲೆಯವನಾದೆ. ನನ್ನ ಕೈವಾಡ ಇಲ್ಲವೇ ಇಲ್ಲ ಎಂದು ಧೈರ್ಯವಾಗಿ ಹೇಳಬಹುದಾದ ಸಂಗತಿ ಬಹುಶಃ ಅದೊಂದೇ. ಕೋಟೆಯಲ್ಲಿ ಎಲ್ಲರೂ ಓಬವ್ವನ ಕಿಂಡಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಓಬವ್ವ ನೀರಿಗೆಂದು ಹೋದವಳು, ಯುದ್ಧಕ್ಕಲ್ಲ. ಆದರೆ ಒನಕೆ ಎತ್ತಿದ ಮೇಲೆ ಅವಳು ಮಾಡಿದ್ದೆಲ್ಲ ಬೇಕಂತಲೇ ಮಾಡಿದ್ದು. ನನಗೆ ನೆನಪಾದವಳು ಇನ್ನೊಬ್ಬಳು. ಬಂಡೆಯ ಆ ಸಂದಿಯಲ್ಲಿ ಯಾರೋ ಒಬ್ಬ ಹೆಂಗಸು ನುಸುಳಿ ಒಳಗೆ ಹೋದದ್ದು ಕಣ್ಣಿಗೆ ಬಿದ್ದೇ ಹೈದರಾಲಿಯ ಕಡೆಯವರಿಗೆ ದಾರಿ ತಿಳಿಯಿತು ಎಂಬುದು ಐತಿಹ್ಯ. ದಿನಾ ಹೋಗುವ ಅಡ್ಡದಾರಿ, ಅವತ್ತೂ ಹೋದಳು. ಹೆಸರು ಉಳಿದಿಲ್ಲ. ಅವಳು ಗುಟ್ಟು ಬಿಟ್ಟುಕೊಟ್ಟಳು ಅನ್ನುವುದೋ, ಗುಟ್ಟು ಬಯಲಾಯಿತು ಅನ್ನುವುದೋ? 1779ರಲ್ಲಿ ದುರ್ಗದ ಕೋಟೆ ಬಿತ್ತು ಎಂದು ನಾವೂ ಸಲೀಸಾಗಿ ಹೇಳಿಬಿಡುತ್ತೇವೆ, ನನ್ನ ಲೋಟದ ಹಾಗೆ.

ಇದನ್ನೆಲ್ಲ ಯೋಚಿಸುತ್ತಾ ಕಿಂಡಿಯ ಹತ್ತಿರ ಬಗ್ಗಿದವನು ಏಳುವಾಗ ನೆತ್ತಿಗೆ ಠಣ್ ಎಂದು ಬಿತ್ತು.

"ಏನಾತ್ರೀ?" ಅಂತ ಹೆಂಡತಿ ಓಡಿ ಬಂದಳು.

"ಬಂಡೆ ಬಡೀತು ಕಣೇ" ಅಂದೆ, ತಲೆ ಉಜ್ಜಿಕೊಳ್ಳುತ್ತಾ.

ಅವಳು ನನ್ನ ನೆತ್ತಿ ನೋಡಿದಳು, ಕೋಟಿಗಟ್ಟಲೆ ವರ್ಷದಿಂದ ಅಲ್ಲೇ ಕೂತಿರುವ ಬಂಡೆಯನ್ನೂ ನೋಡಿದಳು. "ಪಾಪ, ಅದು ಬೇಕಂತ ಮಾಡಿರಾಕಿಲ್ಲ ಬಿಡ್ರಿ" ಅಂದಳು.