ಇಣುಕಿ ನೋಡದ ಎಡಿಟರ್

ದಿನವಿಡೀ ಕೋಡ್ ಬರೆಯುವವರಿಗೆ ತಮ್ಮ ಎಡಿಟರಿನ ಮೇಲಿರುವ ಅಭಿಮಾನ ಹೊರಗಿನವರಿಗೆ ವಿಚಿತ್ರವಾಗಿಯೇ ಕಾಣುತ್ತದೆ. ಅಕ್ಷರ ಕೂಡಿಸುವ, ಅಳಿಸುವ ಒಂದು ತಂತ್ರಾಂಶಕ್ಕಾಗಿ ಓದಿಕೊಂಡವರು ಇಷ್ಟೊಂದು ಜಗಳವಾಡಬೇಕೆ ಎಂದು ಕೇಳಿದರೆ ನನ್ನಲ್ಲಿ ಸಮರ್ಥನೆಯೇನೂ ಇಲ್ಲ. ಆದರೆ ಆ ಜಗಳದಲ್ಲಿ ನಾನು ಯಾವ ಕಡೆ ಎಂಬುದನ್ನು ಮಾತ್ರ ಕೇಳುವ ಮೊದಲೇ ಹೇಳಿಬಿಡುತ್ತೇನೆ. ನನ್ನದು ವಿಮ್. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ಈ ಎಡಿಟರ್, ಬಿಲ್ ಜಾಯ್ 1976ರಲ್ಲಿ ಬರೆದ ವಿಐ ಎಂಬುದರ ವಂಶಕ್ಕೆ ಸೇರಿದ್ದು. ಅದರಲ್ಲಿ ಕರ್ಸರನ್ನು ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಸರಿಸಲು ಎಚ್, ಜೆ, ಕೆ, ಎಲ್ ಕೀಲಿಗಳನ್ನು ಒತ್ತಬೇಕು. ಹೊಸಬರು ಇದು ಯಾರೋ ಕಿಡಿಗೇಡಿಯ ಕೆಲಸವೆಂದುಕೊಳ್ಳುತ್ತಾರೆ. ಆದರೆ ಜಾಯ್ ಬಳಸುತ್ತಿದ್ದ ಎಡಿಎಂ-3ಎ ಎಂಬ ಟರ್ಮಿನಲ್ಲಿನಲ್ಲಿ, ಅಂದರೆ ಕಂಪ್ಯೂಟರಿಗೆ ಜೋಡಿಸುವ ಪರದೆ-ಕೀಲಿಮಣೆಯ ಯಂತ್ರದಲ್ಲಿ, ಪ್ರತ್ಯೇಕ ಬಾಣದ ಕೀಲಿಗಳೇ ಇರಲಿಲ್ಲ. ಬಾಣಗಳನ್ನು ಆ ನಾಲ್ಕು ಅಕ್ಷರಗಳ ಮೇಲೆಯೇ ಮುದ್ರಿಸಿದ್ದರು. ವಿಐನಲ್ಲಿ ಪದೇ ಪದೇ ಒತ್ತಬೇಕಾದ ಎಸ್ಕೇಪ್ ಕೀಲಿಯೂ ಈಗ ಟ್ಯಾಬ್ ಇರುವ ಕಡೆ, ಕಿರುಬೆರಳಿಗೆ ಎಟಕುವಂತೆ ಇತ್ತು. ಆ ಯಂತ್ರ ಗುಜರಿ ಸೇರಿ ಎಷ್ಟೋ ಕಾಲವಾಗಿದೆ, ಅದನ್ನು ಕಣ್ಣಿನಿಂದಲೂ ಕಾಣದ ನನ್ನ ಬೆರಳುಗಳು ಇನ್ನೂ ಅದರ ಬಾಣಗಳನ್ನೇ ಒತ್ತುತ್ತಿವೆ.

ಆದರೂ ನಾನು ವಿಮ್ ಬಿಡದಿರುವುದಕ್ಕೆ ಈ ಅಭ್ಯಾಸಬಲವೇ ಮುಖ್ಯ ಕಾರಣವಲ್ಲ. ಆ ಎಡಿಟರಿಗೆ ನನ್ನ ಬಗ್ಗೆ ಯಾವ ಕುತೂಹಲವೂ ಇಲ್ಲ. ಕಡತ ತೆರೆ ಎಂದರೆ ತೆರೆಯುತ್ತದೆ, ಉಳಿಸು ಎಂದರೆ ಉಳಿಸುತ್ತದೆ. ಎಷ್ಟು ಹೊತ್ತಿಗೆ ತೆರೆದೆ, ಯಾವ ಆಜ್ಞೆಯನ್ನು ಎಷ್ಟು ಸಲ ತಪ್ಪಾಗಿ ಕೊಟ್ಟೆ ಎಂಬುದನ್ನು ದೂರದ ಯಾವ ಸರ್ವರಿಗೂ ಒಪ್ಪಿಸುವುದಿಲ್ಲ. ಹೊಸ ಸಲಕರಣೆಗಳಲ್ಲಿ ಅನೇಕಕ್ಕೆ ಈ ಸಂಕೋಚವಿಲ್ಲ. ವಿಷುವಲ್ ಸ್ಟುಡಿಯೋ ಕೋಡ್ ಒಳ್ಳೆಯ ಎಡಿಟರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈಕ್ರೋಸಾಫ್ಟ್ ಕೊಡುವ ಪ್ರತಿಯಲ್ಲಿ ಟೆಲಿಮೆಟ್ರಿ, ಅಂದರೆ ಬಳಕೆಯ ವಿವರಗಳನ್ನು ಕಂಪನಿಗೆ ಕಳಿಸುವ ಏರ್ಪಾಡು, ನಾವಾಗಿ ನಿಲ್ಲಿಸುವ ತನಕ ಚಾಲೂ ಇರುತ್ತದೆ.

ಟೆಲಿಮೆಟ್ರಿಯ ಪರ ಮಾತನಾಡುವವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಬಳಸುವವರು ಎಲ್ಲಿ ಎಡವುತ್ತಾರೆಂದು ತಿಳಿಯದೆ ತಂತ್ರಾಂಶವನ್ನು ತಿದ್ದುವುದು ಕಷ್ಟ, ಕೂತು ದೋಷವರದಿ ಬರೆದು ಕಳಿಸುವ ತಾಳ್ಮೆಯೂ ಹೆಚ್ಚಿನವರಿಗೆ ಇರುವುದಿಲ್ಲ. ನನ್ನ ತಕರಾರು ಇರುವುದು ಕೇಳದೆ ತೆಗೆದುಕೊಳ್ಳುವುದರ ಬಗ್ಗೆ. ಬಾಗಿಲು ತಟ್ಟುವುದಕ್ಕೂ ಕಿಟಕಿಯಲ್ಲಿ ಇಣುಕುವುದಕ್ಕೂ ವ್ಯತ್ಯಾಸವಿದೆ. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಲಕರಣೆಗಳಲ್ಲಿ ಟೆಲಿಮೆಟ್ರಿ ಇರಲಿ, ಬೇಡದವರು ನಿಲ್ಲಿಸಿಕೊಳ್ಳಲಿ ಎಂದು ಆಗ ಆ ಭಾಷೆಯ ತಂಡದ ಮುಂದಾಳಾಗಿದ್ದ ರಸ್ ಕಾಕ್ಸ್ 2023ರಲ್ಲಿ ಪ್ರಸ್ತಾಪಿಸಿದಾಗ ಆಕ್ಷೇಪಗಳ ಸುರಿಮಳೆಯಾಯಿತು. ಅವರು ಅದನ್ನು ಮನ್ನಿಸಿ, ಒಪ್ಪಿದವರಿಂದ ಮಾತ್ರ ವಿವರ ಪಡೆಯುವಂತೆ ಬದಲಿಸಿದರು. ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಅಂತೂ ಮೊದಲಿನಿಂದಲೂ ಸಭ್ಯವಾಗಿ ನಡೆದುಕೊಂಡಿದೆ: ಯಾವ ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶಗಳನ್ನು, ಬಳಸುತ್ತೀರೆಂಬ ಲೆಕ್ಕವನ್ನು ಕಳಿಸಬಹುದೇ ಎಂದು ಕೇಳುತ್ತದೆ, ನಾವೇನೂ ಹೇಳದಿದ್ದರೆ ಬೇಡವೆಂದೇ ತಿಳಿಯುತ್ತದೆ. ಹಾಗೆ ಕೇಳಿದಾಗ ನಾನು ಆಗಲಿ ಎಂದೇ ಒತ್ತುತ್ತೇನೆ.

ಉದ್ಯೋಗದ ಸಲಕರಣೆಗಳ ವಿಷಯದಲ್ಲಿ ಮಾತ್ರ ಇಂಥ ಪ್ರಶ್ನೆಯೇ ಏಳುವುದಿಲ್ಲ. ಚಾಟ್ ತಂತ್ರಾಂಶದಲ್ಲಿ ನಮ್ಮ ಹೆಸರಿನ ಪಕ್ಕದಲ್ಲಿರುವ ಹಸಿರು ಚುಕ್ಕಿ, ಕೆಲವು ನಿಮಿಷ ಕೀಲಿಮಣೆಯನ್ನು ಮುಟ್ಟದಿದ್ದರೆ ಬಣ್ಣ ಕಳೆದುಕೊಳ್ಳುತ್ತದೆ. ಒಂದೇ ತಂತ್ರಾಂಶದೊಳಗೆ ಏಕಕಾಲಕ್ಕೆ ಓಡುವ ಎರಡು ಕೆಲಸದ ಎಳೆಗಳು, ಅಂದರೆ ಥ್ರೆಡ್ಡುಗಳು, ಒಂದೇ ದತ್ತಾಂಶಕ್ಕೆ ಕೈಹಾಕಿ, ಎಲ್ಲೋ ಅಪರೂಪಕ್ಕೊಮ್ಮೆ ಮಾತ್ರ ಕೆಟ್ಟ ಉತ್ತರ ಕೊಡುವ ದೋಷವನ್ನು ಹಿಡಿಯಲು ಹೊರಟವರು ಕೀಲಿಮಣೆಯನ್ನು ದೂರ ತಳ್ಳಿ, ಕಾಗದದ ಮೇಲೆ ಯಾವುದರ ನಂತರ ಯಾವುದು ನಡೆದಿರಬಹುದೆಂದು ಗೆರೆ ಎಳೆಯುತ್ತಾ ಕೂರಬೇಕಾಗುತ್ತದೆ. ಕೆಲಸದ ಅತ್ಯಂತ ಕಠಿಣವಾದ ಆ ಗಳಿಗೆಯಲ್ಲೇ ಚುಕ್ಕಿ ನಮ್ಮನ್ನು ಗೈರುಹಾಜರೆಂದು ಸಾರುತ್ತದೆ. ಮೌಸನ್ನು ತಾನಾಗಿ ಅಲುಗಾಡಿಸುವ ಪುಟ್ಟ ಸಾಧನಗಳು ಮಾರಾಟಕ್ಕಿರುವುದು ಸುಮ್ಮನೆ ಅಲ್ಲ. ಯಂತ್ರವೊಂದು ಇಟ್ಟ ಕಾವಲನ್ನು ಇನ್ನೊಂದು ಯಂತ್ರದಿಂದ ಸಮಾಧಾನಪಡಿಸುವ ಈ ವ್ಯವಹಾರದಲ್ಲಿ ಮನುಷ್ಯರಿಗೆ ನಿಶ್ಚಿಂತೆಯಿಂದ ಯೋಚಿಸಲು ಒಂದಷ್ಟು ಬಿಡುವಾದರೂ ಸಿಗುತ್ತದೆ.

ಅಳೆಯುವ ಈ ಚಪಲ ಹೊಸದೇನಲ್ಲ. 1982ರಲ್ಲಿ ಆಪಲ್ ಕಂಪನಿಯಲ್ಲಿ ಲೀಸಾ ಎಂಬ ಕಂಪ್ಯೂಟರನ್ನು ರೂಪಿಸುತ್ತಿದ್ದ ತಂಡದ ವ್ಯವಸ್ಥಾಪಕರು, ಆ ವಾರ ಎಷ್ಟು ಸಾಲು ಕೋಡ್ ಬರೆದಿರಿ ಎಂಬುದನ್ನು ಪ್ರತಿಯೊಬ್ಬ ಪ್ರೋಗ್ರಾಮರನೂ ಫಾರ್ಮಿನಲ್ಲಿ ತುಂಬಿಕೊಡಬೇಕೆಂದು ಆದೇಶಿಸಿದ್ದರು. ಆ ತಂಡದ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ಆಗಷ್ಟೇ ಕ್ವಿಕ್‌ಡ್ರಾ ಎಂಬ ಚಿತ್ರಲೇಖನ ತಂತ್ರಾಂಶದ ಒಂದು ಭಾಗವನ್ನು ಸರಳವಾಗಿ ಮರುಬರೆದು, ಅದರ ವೇಗವನ್ನು ಹಲವು ಪಟ್ಟು ಹೆಚ್ಚಿಸಿ, ಸುಮಾರು 2000 ಸಾಲುಗಳನ್ನು ಕಿತ್ತುಹಾಕಿದ್ದರು. ಫಾರ್ಮಿನ ಆ ಅಂಕಣದಲ್ಲಿ ಅವರು -2000 ಎಂದು ಬರೆದರು. ಇನ್ನೆರಡು ವಾರ ಕಳೆಯುವಷ್ಟರಲ್ಲಿ ಅವರಿಂದ ಫಾರ್ಮ್ ಕೇಳುವುದನ್ನು ಮೇಲಿನವರು ನಿಲ್ಲಿಸಿಬಿಟ್ಟರಂತೆ.