ಸಾರಮಿಲ್ಲ ಎಂದರು

ಮಧ್ಯಾಹ್ನದಿಂದ ಈ ಹೊತ್ತಿನವರೆಗೂ ನನ್ನ ಕಣ್ಣ ಮುಂದಿರುವುದು ಒಂದೇ ವಸ್ತು, ನೇರಳೆ ಶಾಯಿಯ ಆ ತಗಡಿನ ಪ್ಯಾಡು. ಗೃಹಸಾಲಕ್ಕೆಂದು ನಾನು ಹೋಗಿದ್ದ ಕೇರಳದ ಬ್ಯಾಂಕಿನ ಅಧಿಕಾರಿ ಅದನ್ನು ಎರಡು ಬೆರಳುಗಳಿಂದ ನನ್ನ ಕಡೆಗೆ ಸರಿಸಿದರು. ಗದರಲಿಲ್ಲ, ನಗಲಿಲ್ಲ, ಉಪಕಾರ ಮಾಡುವವರ ಮುಖಭಾವದಲ್ಲಿಯೇ ಸರಿಸಿದರು. ಗದರಿದ್ದರೆ ಎದ್ದು ಬರಬಹುದಿತ್ತು.

ಹನ್ನೊಂದು ಹಾಳೆಗಳನ್ನು ಮುಂದಿಟ್ಟು, ಸಹಿ ಹಾಕಬೇಕಾದ ಕಡೆಗಳಲ್ಲೆಲ್ಲ ಪೆನ್ಸಿಲಿನಿಂದ ಗುರುತು ಮಾಡಿಕೊಟ್ಟಿದ್ದರು. ಎಲ್ಲವೂ ಮಲಯಾಳದಲ್ಲಿತ್ತು. 240 ಎಂದಿರುವುದು ಕಂತುಗಳ ಸಂಖ್ಯೆಯೆಂದೂ 8.75 ಎಂದಿರುವುದು ಬಡ್ಡಿಯೆಂದೂ ಊಹಿಸಿಕೊಂಡೆ. ಆರನೇ ಹಾಳೆಯಲ್ಲಿದ್ದ ಶೇ. 2 ಯಾವುದರ ಬಾಬ್ತೆಂದು ಊಹಿಸಲಾಗಲಿಲ್ಲ. ಹಾಳೆಯನ್ನು ಹಿಡಿದುಕೊಂಡು, ಎರಡು ವರ್ಷಗಳಲ್ಲಿ ಬಸ್ಸಿನಲ್ಲಿಯೂ ಮೀನಿನ ಮಾರುಕಟ್ಟೆಯಲ್ಲಿಯೂ ಕಲಿತ ನನ್ನ ಮಲಯಾಳದಲ್ಲಿ, "ವಾಯಿಕ್ಕಾನ್ ಅರಿಯಿಲ್ಲ" ಎಂದೆ. ಓದಲು ಬರುವುದಿಲ್ಲ ಎಂದು. ಮಲಯಾಳವನ್ನು ಓದಲು ಬರುವುದಿಲ್ಲ ಎನ್ನಬೇಕಿತ್ತು. ಆ ಒಂದು ಪದ ಬಾಯಿಂದ ಬರಲಿಲ್ಲ.

"ಸಾರಮಿಲ್ಲ" ಎಂದರು ಅವರು. ಪರವಾಗಿಲ್ಲ ಎಂಬುದಕ್ಕೆ ಅವರ ಭಾಷೆಯ ಮಾತು ಅದು ಎಂದು ಗೊತ್ತಿದ್ದರೂ, ನನ್ನ ಕಿವಿಗೆ ನನ್ನ ಜನ್ಮದಲ್ಲಿಯೇ ಸಾರವಿಲ್ಲ ಎಂದಂತೆ ಕೇಳಿಸಿತು. ಅದರ ಹಿಂದೆಯೇ ಪ್ಯಾಡು ಬಂತು, ಹೆಬ್ಬೆಟ್ಟು ಒರೆಸಿಕೊಳ್ಳಲು ಒಂದು ಹಳೆಯ ಚೆಲಾನಿನ ಚೂರೂ ಬಂತು. ಪಕ್ಕದ ಕುರ್ಚಿಯಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಯುತ್ತಿದ್ದ ಮುದುಕಿ ತಲೆಯೆತ್ತಿ, "ಪಾಪ" ಎಂಬಂತೆ ನನ್ನನ್ನು ನೋಡಿದರು. ಅವರ ಮುಂದೆಯೇ, ಅದೇ ಮೇಜಿನ ಮೇಲೆ, ನನ್ನ ಎಂ.ಕಾಂ. ಪ್ರಮಾಣಪತ್ರದ ಪ್ರತಿಯೂ ಮಂಗಳೂರಿನ ಕಚೇರಿಯ ಸಂಬಳದ ಚೀಟಿಗಳೂ ಕ್ಲಿಪ್ಪಿನಲ್ಲಿ ಸಿಕ್ಕಿಕೊಂಡಿದ್ದವು. ದಿನವಿಡೀ ಇತರರ ಲೆಕ್ಕಪತ್ರಗಳಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುವವನು ನಾನು.

ಆಗ ನಾನು ಏನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಜೇಬಿನಿಂದ ಪೆನ್ನು ತೆಗೆದು, ಅಕ್ಕಪಕ್ಕದವರಿಗೆಲ್ಲ ಕಾಣುವಂತೆ, ಇಂಗ್ಲಿಷಿನಲ್ಲಿ, ಬಾಲ ಎಳೆದು, ಹನ್ನೊಂದು ಹಾಳೆಗಳಿಗೂ ಸರಸರನೆ ಸಹಿ ಹಾಕಿಬಿಟ್ಟೆ. ಅಕ್ಷರಸ್ಥನೆಂದು ತೋರಿಸಿಕೊಳ್ಳುವ ಭರದಲ್ಲಿ ಒಂದಕ್ಷರವನ್ನೂ ಓದದೆ ಇಪ್ಪತ್ತು ವರ್ಷಗಳ ಸಾಲಕ್ಕೆ ಒಪ್ಪಿಕೊಂಡ ಮಹಾನುಭಾವ ಉಪ್ಪಳದಿಂದ ಚಿತ್ರದುರ್ಗದವರೆಗೆ ಇನ್ನೊಬ್ಬ ಸಿಗಲಾರ. ಹೆಬ್ಬೆಟ್ಟು ಒತ್ತುವವರಿಗಾದರೂ ಯಾರಾದರೂ ಓದಿ ಹೇಳುತ್ತಾರೆ.

ಸಾಲದ ಮುಖ್ಯಾಂಶಗಳ ಹೇಳಿಕೆಯನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕೊಡಬೇಕು, ವಿವರಿಸಬೇಕು, ವಿವರಿಸಿದ್ದಕ್ಕೆ ಒಪ್ಪಿಗೆ ಪಡೆಯಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳನ್ನೂ ಕೊಡಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದವನಿಗೆ ಬಾಯಿ ಇರಲಿಲ್ಲ ಎಂಬುದು ಬೇರೆ ಮಾತು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬುದೂ ಗೊತ್ತು. ಹಾಗಾದರೆ ಆರನೇ ಹಾಳೆಯ ಆ ಶೇ. 2 ಯಾವುದು? ನನ್ನ ಬಡ್ಡಿ ಬದಲಾಗುವುದೋ, ಸ್ಥಿರವಾದದ್ದೋ? ಮಲಯಾಳ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ಬ್ಯಾಂಕಿನವರೇ ಕೊಟ್ಟರೆ ಇನ್ನೂ ಒಳ್ಳೆಯದು.

ಸೋಮವಾರವೇ ಹೋಗಿ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಸಂಜೆ ಮನೆಯಲ್ಲಿ ಕೂಗಾಡಿದೆ. ಪಡೆದು ಎಲ್ಲಿಗೆ ಹೋಗಲಿ? ಸಂಬಳ ಬರುವ ಮಂಗಳೂರಿನಲ್ಲಿ ಕೇಳಿದಾಗ, ಗಡಿಯ ತಲಪಾಡಿಯಿಂದಾಚೆಯ ಮನೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಮನೆಯಿರುವ ಕಾಸರಗೋಡಿನಲ್ಲಿ ಕೇಳಿದಾಗ, ಆದಾಯ ಹೊರರಾಜ್ಯದ್ದು ಎಂದರು. ಇನ್ನೊಂದು ಕಡೆ, ಸಾಲ ತೀರಿಸಿದ ಚರಿತ್ರೆಯನ್ನು ಅಳೆಯುವ ಸಿಬಿಲ್ ಅಂಕ ನೋಡಿ ಹೌಹಾರಿದರು: ಮೈನಸ್ ಒಂದು. ಜೀವಮಾನದಲ್ಲಿ ಸಾಲವನ್ನೇ ಮಾಡದವರಿಗೆ ಬರುವ ಅಂಕ ಅದು. ಅಪ್ಪ ಹೇಳಿದಂತೆ ಕೈಗಡವನ್ನೂ ಮಾಡದೆ ಬದುಕಿದ್ದಕ್ಕೆ ಸಿಕ್ಕಿದ ಬಹುಮಾನ. ಈ ಬ್ಯಾಂಕಿನವರೊಬ್ಬರೇ ಒಪ್ಪಿದವರು. ಮೂವತ್ತು ಲಕ್ಷದವರೆಗಿನ ಗೃಹಸಾಲದಲ್ಲಿ ಮನೆಯ ಬೆಲೆಯ ಶೇ. 90ರವರೆಗೆ ಕೊಡಲು ಅವಕಾಶವಿದ್ದರೂ "ನೀವು ಹೊಸಬರು" ಎಂದು 75ಕ್ಕೆ ನಿಲ್ಲಿಸಿದರು. ಕೇರಳದಲ್ಲಿ ಮುದ್ರಾಂಕಕ್ಕೆ ಶೇ. 8, ನೋಂದಣಿಗೆ ಶೇ. 2, ಮೂವತ್ತು ಲಕ್ಷದ ಮನೆಗೆ ಆ ಮೂರು ಲಕ್ಷವನ್ನೂ ಕೈಯಿಂದಲೇ ಹಾಕಬೇಕು. ಹೆಂಡತಿಯ ಬಳೆಗಳ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಆಧಾರದ, ಅಂದರೆ ಮನೆಯ ಒಡೆತನದ ಪತ್ರದ, ಕತೆ ಇನ್ನೂ ಚೆನ್ನಾಗಿದೆ. ನನಗೆ ಮನೆ ಮಾರುತ್ತಿರುವ ಅಜ್ಜನವರ ಮೂಲ ಆಧಾರ 1954ರದು, ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿದ್ದಾಗಿನದು, ಸೊಗಸಾದ ಕನ್ನಡದಲ್ಲಿದೆ. ನಾನು ನೀರು ಕುಡಿದಂತೆ ಓದಬಲ್ಲ ಒಂದೇ ಕಾಗದ ಅದು. ಬ್ಯಾಂಕಿನ ವಕೀಲರು ಅದರ ಮೇಲೆ "ಅನ್ಯಭಾಷೆಯ ದಾಖಲೆ, ಅನುವಾದ ಬೇಕು" ಎಂದು ಷರಾ ಬರೆದಿದ್ದಾರೆ. ಈ ಊರು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆ ಕಾಗದ ಅದಕ್ಕಿಂತ ಎರಡು ವರ್ಷ ಹಿರಿಯದು. ಅಜ್ಜನವರಿಗೆ ಇದು ಅರ್ಥವೇ ಆಗುವುದಿಲ್ಲ. "ನಿಮಗೆ ಸಾಲ ಸಿಗದಿರುವುದು ಹೇಗೆ ಮಾರಾಯ್ರೇ, ನನ್ನ ಆಧಾರ ಸಮಾ ಉಂಟಲ್ಲ?" ಎಂದು ಮೂರು ಸಲ ಕೇಳಿದ್ದಾರೆ. ಅವರಿಗೆ ಕೊಟ್ಟ ಎರಡು ಲಕ್ಷ ಮುಂಗಡದ ಗಡುವು ತಿಂಗಳ ಕೊನೆಗೆ ಮುಗಿಯುತ್ತದೆ.

ಆದ್ದರಿಂದ ಅರ್ಜಿಯನ್ನು ಹಿಂದಕ್ಕೆ ಪಡೆಯುವುದಿಲ್ಲ. ಸೋಮವಾರ ಅನುವಾದದ ಕಾಗದವನ್ನು ಹಿಡಿದುಕೊಂಡು ಅದೇ ಮೇಜಿನ ಮುಂದೆ ಹೋಗಿ ಕೂರುತ್ತೇನೆ. ಆದರೆ ಕನ್ನಡದ ಪ್ರತಿಯನ್ನು ಕೇಳಿಯೇ ಕೇಳುತ್ತೇನೆ. ಬಹುಶಃ ಕೇಳುತ್ತೇನೆ.

ಊಟವಾದ ಮೇಲೆ ಮೂರನೇ ತರಗತಿಯ ಮಗಳನ್ನು ಕೂರಿಸಿಕೊಂಡು ಬ್ಯಾಂಕಿನವರು ಕೊಟ್ಟ ನಕಲುಗಳನ್ನು ತೋರಿಸಿದೆ. ಶಾಲೆಯಲ್ಲಿ ಮಲಯಾಳದ ಅಕ್ಷರಗಳನ್ನು ಕಲಿಸಿದ್ದಾರೆ. ಶೇ. 2ರ ಸಾಲು ಅವಳ ಕೈಗೆ ಎಟುಕಲಿಲ್ಲ. ಕೊನೆಯ ಹಾಳೆಯಲ್ಲಿ ನನ್ನ ಬಾಲದ ಸಹಿಗೆ ಸರಿಯಾಗಿ ಮೇಲಿದ್ದ ಸಾಲಿನ ಮೇಲೆ ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಕೂಡಿಸಿದಳು: "ಮ... ನ... ಸ್ಸಿ... ಲಾ... ಕ್ಕಿ." ನಿಲ್ಲಿಸಿ ನನ್ನ ಮುಖ ನೋಡಿದಳು. "ಎಲ್ಲ ಅರ್ಥ ಆಗಿದೆ ಅಂತ ಬರೆದಿದೆ ಅಪ್ಪಾ."