ಸತ್ಯಾಂಶ: ಬಾಂಡ್ ಪೇಪರ್ ಬರೆಸಿಕೊಂಡರೆ ಮಾರಿದ ಕಾರಿನ ಹೊಣೆ ಮುಗಿಯುತ್ತಾ?

‘ಕಾರು ಮಾರುವಾಗ ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಳ್ಳಿ, ಆಮೇಲೆ ಏನೇ ಆದರೂ ನಿಮಗೆ ಸಂಬಂಧವಿಲ್ಲ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದನ್ನು ನಂಬಬೇಡಿ.

ಮೋಟಾರು ವಾಹನ ಕಾಯ್ದೆಯ ಪ್ರಕಾರ ಆರ್‌ಸಿಯಲ್ಲಿ (ವಾಹನದ ನೋಂದಣಿ ಪತ್ರ) ಯಾರ ಹೆಸರಿದೆಯೋ ಅವರೇ ಮಾಲೀಕರು. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಒಂದು ಪ್ರಕರಣ ಬಂದಿತ್ತು. 2007ರಲ್ಲಿ ಮಾರಿದ ಕಾರು ಕೈಯಿಂದ ಕೈಗೆ ಹೋಗಿ, 2009ರಲ್ಲಿ ರಿವರ್ಸ್ ತೆಗೆಯುವಾಗ ಅಪಘಾತವಾಯಿತು. ಆರ್‌ಸಿ ಮಾತ್ರ ಮೊದಲನೆಯವರ ಹೆಸರಲ್ಲೇ ಇತ್ತು. ಪರಿಹಾರದ ಹೊಣೆ ಅವರದೇ ಎಂದಿತು ಕೋರ್ಟ್. ಕಾರು ಕೈಬಿಟ್ಟು ಎರಡು ವರ್ಷ ಆಗಿತ್ತು, ನೋಡಿ!

ಬಾಂಡ್ ಪೇಪರ್ ಸುಮ್ನೆ ದಂಡ ಅಂತಲ್ಲ. ಕಾರು ಕೊಟ್ಟ ದಿನ, ಗಂಟೆ, ಕಿಲೋಮೀಟರ್ ಬರೆದಿಟ್ಟರೆ ಸಾಕ್ಷಿಗೆ ಬರುತ್ತದೆ. ಆದರೆ ಆರ್‌ಸಿಯಲ್ಲಿ ಹೆಸರು ಬದಲಾಗುವುದು ಆರ್‌ಟಿಒಗೆ ಕೊಡುವ ಮಾಲೀಕತ್ವ ವರ್ಗಾವಣೆಯ ಅರ್ಜಿಗಳಾದ ಫಾರಂ 29 ಮತ್ತು 30ರಿಂದ. ಒಂದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಮಾರಿದವರೇ ಆರ್‌ಟಿಒಗೆ ತಿಳಿಸಬೇಕು. ‘ಖಾಲಿ ಫಾರಂಗೆ ಸಹಿ ಹಾಕಿ, ಉಳಿದದ್ದು ನಾವು ನೋಡ್ಕೋತೀವಿ’ ಎಂದು ಬ್ರೋಕರ್ ಹೇಳಿದರೆ ಒಪ್ಪಬೇಡಿ. ಎಡವಟ್ಟು ಆಗುವುದೇ ಜಾಸ್ತಿ ಇಲ್ಲಿ. ಕೊಳ್ಳುವವರ ಹೆಸರು, ತಾರೀಕು ತುಂಬಿದ ಮೇಲೇ ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ.

ಕಾರಿನ ಮೇಲೆ ಸಾಲವಿದ್ದರೆ ಮೊದಲು ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತೆಗೆದುಕೊಳ್ಳಿ. ದುಡ್ಡಿನ ವಿಷಯದಲ್ಲಿ ಸ್ಕ್ರೀನ್‌ಶಾಟ್ ನಂಬಬೇಡಿ. ನಿಮ್ಮ ಖಾತೆ ನೀವೇ ತೆರೆದು ನೋಡಿ, ಆಮೇಲೆ ಕೀಲಿ ಕೊಡಿ. ಕೆಲವು ವಾರ ಬಿಟ್ಟು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ, ಹೆಸರು ಬದಲಾಗಿದೆಯಾ ನೋಡಿಕೊಳ್ಳಿ.